ರಿಜಿಸ್ಟರಿಗೆ ಸಿಗದ ಹೆರಿಗೆಗಳು

1957ರ ಬೇಸಿಗೆ. ಬೆಂಗಳೂರಿನಲ್ಲಿ, ಆರೋಗ್ಯಕ್ಕೆ ಸಂಬಂಧಿಸಿದ ಒಂದು ಸರ್ಕಾರಿ ಕಚೇರಿಯ ಅಂಕಿಅಂಶ ವಿಭಾಗದಲ್ಲಿ ನಾನು ಆಗ ಸ್ಟ್ಯಾಟಿಸ್ಟಿಕಲ್ ಅಸಿಸ್ಟೆಂಟ್. ವಯಸ್ಸು ಇಪ್ಪತ್ತನಾಲ್ಕು. ಗಣಿತದಲ್ಲಿ ಪದವಿ ಮುಗಿಸಿ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಇಡೀ ವಿಭಾಗಕ್ಕೆ ನಾನೊಬ್ಬಳೇ ಹೆಂಗಸು. ಊರೂರಿನಿಂದ, ವಾರ್ಡುವಾರ್ಡಿನಿಂದ ಬರುವ ಜನನ ಮರಣಗಳ ತಿಂಗಳ ವರದಿಗಳನ್ನು ಕೂಡಿಸಿ, ಸರಾಸರಿ ತೆಗೆದು, ಕೋಷ್ಟಕಗಳನ್ನಾಗಿ ಮಾಡುವುದು ನನ್ನ ಕೆಲಸ. ಮೇಜಿನ ಮೇಲೆ ಹಿಡಿ ತಿರುಗಿಸುವ ಲೆಕ್ಕದ ಮಷೀನು. ಅದರ ಕಟಕಟ ಸದ್ದು ಸ್ವಲ್ಪ ಹೊತ್ತು ನಿಂತರೂ ಪಕ್ಕದ ಕೋಣೆಯಿಂದ ನಮ್ಮ ಮೇಲಧಿಕಾರಿ ನರಸಿಂಗರಾಯರು ಕೆಮ್ಮುತ್ತಿದ್ದರು.

ಈ ಬರಹದಲ್ಲಿ ಅಂಕಿಗಳು ಕಡಿಮೆ. ಅಂಕಿಗಳಲ್ಲೇ ಬಾಳು ಕಳೆದವಳು ಹೀಗೆ ಬರೆಯುವುದು ವಿಚಿತ್ರವಾಗಿ ಕಂಡೀತು. ಆದರೆ ಅಂದಿನ ಕಡತ ಈಗ ನನ್ನ ಕೈಯಲ್ಲಿಲ್ಲ. ನೆನಪಿನಿಂದ ಹೆಕ್ಕಿದ ಅಂಕಿಯನ್ನು ಅಚ್ಚಿಗೆ ಕೊಡುವುದು ನನ್ನ ವೃತ್ತಿಗೆ ಒಪ್ಪುವ ಕೆಲಸವಲ್ಲ.

ಆ ವರ್ಷ ನಗರದ ಪಶ್ಚಿಮಕ್ಕೆ ಒಂದು ಹೊಸ ಹೆರಿಗೆ ಆಸ್ಪತ್ರೆ ಮಂಜೂರಾಗಿತ್ತು. ಜಾಗ ಎಲ್ಲಿ ಎಂಬುದು ತೀರ್ಮಾನವಾಗಿರಲಿಲ್ಲ. ಒಂದು, ಬಿನ್ನಿಪೇಟೆಯ ಬಳಿ, ಮಿಲ್ ಕೆಲಸಗಾರರ ಕೇರಿಗಳ ನಡುವೆ. ಇನ್ನೊಂದು, ಅಲ್ಲಿಂದ ಸುಮಾರು ಎರಡು ಮೈಲಿ ಆಚೆಗೆ, ಆಗಷ್ಟೇ ಬೆಳೆಯುತ್ತಿದ್ದ ರಾಜಾಜಿನಗರದ ಕಾರ್ಮಿಕರ ಕ್ವಾರ್ಟರ್ಸ್ ಹತ್ತಿರ. ಹೆರಿಗೆಗಳು ಎಲ್ಲಿ ಹೆಚ್ಚೋ ಅಲ್ಲಿಗೆ ಆಸ್ಪತ್ರೆ ಹೋಗಲಿ ಎಂದು ಅದಕ್ಕಾಗಿ ನೇಮಿಸಿದ್ದ ಸಮಿತಿ ನಿರ್ಧರಿಸಿತ್ತು. ಲೆಕ್ಕ ಕೊಡುವ ಹೊಣೆ ನಮ್ಮ ವಿಭಾಗದ್ದು.

ಕೆಲಸ ಸುಲಭವಾಗಿತ್ತು. ಎರಡೂ ಕಡೆಯ ಜನನ ರಿಜಿಸ್ಟರುಗಳ ವರದಿಗಳು ನಮ್ಮಲ್ಲೇ ಇದ್ದವು. ಕೂಡಿಸಿ ನೋಡಿದೆ. ಬಿನ್ನಿಪೇಟೆಯ ಕಡೆ ತಿಂಗಳು ತಿಂಗಳೂ ತುಂಬಿದ ಸಾಲುಗಳು. ರಾಜಾಜಿನಗರದ ಕಡೆ ಬೆರಳಲ್ಲಿ ಎಣಿಸುವಷ್ಟು. ಒಂದೇ ಹಾಳೆಯ ಕೋಷ್ಟಕ ಮಾಡಿ ರಾಯರ ಮುಂದಿಟ್ಟೆ. ಅವರು ಮೇಲಿನಿಂದ ಕೆಳಗೆ ಒಮ್ಮೆ ನೋಡಿ, ಇಷ್ಟು ಸ್ಪಷ್ಟವಾದ ಲೆಕ್ಕ ತಾವು ಕಂಡಿಲ್ಲವೆಂದು ಮೆಚ್ಚಿ ಸಹಿ ಹಾಕಿದರು. ಕಡತ ಪೂರ್ತಿಯಾಗಲು ಒಂದೇ ಬಾಕಿ: ಎರಡೂ ಜಾಗಗಳ ರಸ್ತೆ, ನೀರು, ಬಸ್ಸಿನ ಅನುಕೂಲದ ಬಗ್ಗೆ ನಾಲ್ಕು ಸಾಲು. ಅದನ್ನು ನೋಡಿಕೊಂಡು ಬರಲು ನನ್ನನ್ನೇ ಕಳಿಸಿದರು.

ಬಿನ್ನಿಪೇಟೆಯನ್ನು ಬೆಳಿಗ್ಗೆ ಮುಗಿಸಿ ಮಧ್ಯಾಹ್ನ ರಾಜಾಜಿನಗರದಲ್ಲಿ ಬಸ್ಸಿಳಿದೆ. ಕೆಂಪು ಮಣ್ಣಿನ ಅಗಲವಾದ ಬೀದಿಗಳು, ನೆರಳಿಗೆ ಒಂದು ಮರವಿಲ್ಲ. ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದ ಪುಟ್ಟ ಪುಟ್ಟ ಮನೆಗಳ ಸಾಲು. ಗಂಡಸರೆಲ್ಲ ಕಾರ್ಖಾನೆಗೆ ಹೋಗಿದ್ದರು. ನಾನು ರಸ್ತೆಯ ಅಗಲವನ್ನೂ ಬೀದಿ ನಲ್ಲಿಗಳನ್ನೂ ಗುರುತು ಹಾಕಿಕೊಳ್ಳುತ್ತ ನಡೆದೆ. ಮೂರನೆಯ ಸಾಲಿಗೆ ಬರುವ ಹೊತ್ತಿಗೆ ಕಣ್ಣಿಗೆ ಬೇರೆಯೇ ಒಂದು ಸಂಗತಿ ಕಾಣತೊಡಗಿತು. ಮನೆಗಳ ಮುಂದೆ ಕಟ್ಟಿದ್ದ ತಂತಿಗಳ ಮೇಲೆ ಕೂಸಿನ ಬಟ್ಟೆಗಳು. ಹಳೆಯ ಸೀರೆ, ಪಂಚೆ ಹರಿದು ಮಾಡಿದ ಚೌಕಗಳು ಆ ಬಿಸಿಲಿಗೆ ಗರಿಗರಿಯಾಗಿ ಒಣಗುತ್ತಿದ್ದವು. ಒಂದು ಮನೆ ಬಿಟ್ಟು ಒಂದು ಮನೆ, ಕೆಲವೆಡೆ ಅಕ್ಕಪಕ್ಕ ಮೂರು ಮನೆ. ಒಳಗಿನಿಂದ ತೊಟ್ಟಿಲ ಕೊಂಡಿಯ ಕಿರಕಿರ. ನನ್ನ ಕೋಷ್ಟಕದಲ್ಲಿ ಮಕ್ಕಳೇ ಹುಟ್ಟದ ಬಡಾವಣೆ ಇದು.

ಆವತ್ತಿನಿಂದ ಮನಸ್ಸು ಒಂದು ಕಡೆ ನಿಲ್ಲಲಿಲ್ಲ. ಚಾಮರಾಜಪೇಟೆಯ ಮನೆಯಲ್ಲಿ ಊಟಕ್ಕೆ ಕೂತರೆ ಅನ್ನ ಕಲಸುತ್ತ ಕೂತಿರುತ್ತಿದ್ದೆ. ಅಮ್ಮ ಎರಡು ಸಲ ಕರೆದರೆ ಒಂದು ಸಲ ಕೇಳಿಸುತ್ತಿತ್ತು. ಕಚೇರಿಯಲ್ಲಿ ಬೇರೆ ಜಿಲ್ಲೆಯ ವರದಿ ಕೂಡಿಸುವಾಗಲೂ, ಇದೂ ಹಾಗೆಯೇ ಇದ್ದರೆ, ಎಂದು ಕೈ ನಿಲ್ಲುತ್ತಿತ್ತು. ಪಕ್ಕದ ಕೋಣೆಯಿಂದ ಕೆಮ್ಮು. ಮೂರನೆಯ ದಿನ ತಡೆಯಲಾರದೆ ರಾಯರ ಮುಂದೆ ನಿಂತು, ಕೋಷ್ಟಕವನ್ನು ಹಿಂದಕ್ಕೆ ಕೊಡಿ, ನಾನು ಮನೆ ಮನೆ ಎಣಿಸಿ ಬರುತ್ತೇನೆ ಎಂದು ಕೇಳಿದೆ.

ರಾಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡಮ್ಮ ಕಮಲಾಕ್ಷಿ, ರಿಜಿಸ್ಟರನ್ನೇ ಅನುಮಾನಿಸೋಕೆ ಹೊರಟರೆ ನಾಳೆ ನಮ್ಮ ಕಚೇರಿಗೆ ಬೀಗ ಹಾಕಬೇಕಾಗುತ್ತೆ."

ಬಟ್ಟೆಗಳ ಸಂಗತಿ ಹೇಳಿದೆ. ಒಣಗಿದ ಬಟ್ಟೆ ದತ್ತಾಂಶವಲ್ಲ ಎಂದರು. ಒಪ್ಪಿದೆ, ಅದಕ್ಕೇ ಎಣಿಸಬೇಕು ಎಂದೆ. ಅವರು ತಾವು ಸಹಿ ಹಾಕಿದ್ದ ಕೋಷ್ಟಕವನ್ನು ಮತ್ತೆ ತೆಗೆದು ನೋಡಿದರು. ನಿವೃತ್ತಿ ಹತ್ತಿರವಿದ್ದ ಮನುಷ್ಯ. ಯಾವುದೇ ಗಲಾಟೆಯಿಲ್ಲದೆ ಸೇವೆ ಮುಗಿಸಬೇಕೆಂಬ ಆಸೆ ಅವರಿಗೆ ಇತ್ತೆಂದು ನಮಗೆಲ್ಲ ಗೊತ್ತಿತ್ತು. ಕೊನೆಗೆ, ಸಮಿತಿ ಸೇರಲು ಒಂದು ತಿಂಗಳಿದೆ, ಅಷ್ಟರೊಳಗೆ ಮುಗಿಯುವುದಾದರೆ ಹೋಗು ಎಂದರು. ತಾವೇ ಕೂತು ಒಂದು ಪ್ರಶ್ನಾವಳಿ ಬರೆದು, ಸೈಕ್ಲೋಸ್ಟೈಲ್ ಯಂತ್ರದಲ್ಲಿ ಪ್ರತಿಗಳನ್ನು ತೆಗೆಸಿ ಕೊಟ್ಟರು. ಮನೆಯ ಯಜಮಾನ ಯಾರು, ಹೆಂಗಸರು ಎಷ್ಟು ಜನ, ಮಕ್ಕಳು ಎಷ್ಟು, ವಯಸ್ಸೇನು, ಎಲ್ಲಿ ಹುಟ್ಟಿದ್ದು.

ಇಲ್ಲಿ ಓದುಗರಿಗೆ ಎರಡು ಮಾತು ಹೇಳಬೇಕು. ನಮ್ಮ ಶಾಸ್ತ್ರದಲ್ಲಿ ದತ್ತಾಂಶ ಎರಡು ಬಗೆ. ನಮ್ಮ ಪ್ರಶ್ನೆಗೆ ಉತ್ತರ ಬೇಕೆಂದು ನಾವೇ ಹೋಗಿ, ಕೇಳಿ, ನೋಡಿ, ಅಳೆದು ತಂದದ್ದು ಪ್ರಾಥಮಿಕ ದತ್ತಾಂಶ, ಪ್ರೈಮರಿ ಡೇಟಾ. ಬೇರೆ ಯಾರೋ, ಬೇರೆ ಯಾವುದೋ ಕೆಲಸಕ್ಕಾಗಿ, ಮೊದಲೇ ಸಂಗ್ರಹಿಸಿಟ್ಟದ್ದನ್ನು ನಾವು ತೆಗೆದು ಬಳಸಿದರೆ ಅದು ದ್ವಿತೀಯಕ ದತ್ತಾಂಶ, ಸೆಕೆಂಡರಿ ಡೇಟಾ. ಎರಡನೆಯದು ಕೀಳಲ್ಲ. ಪ್ರತಿ ಲೆಕ್ಕಕ್ಕೂ ಮನೆ ಮನೆ ಅಲೆಯಲು ಯಾವ ಸರ್ಕಾರಕ್ಕೂ ಆಗುವುದಿಲ್ಲ. ಕಾಲೇಜಿನಲ್ಲಿ ಇದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದಿದ್ದೆ. ಅದರ ಅರ್ಥ ತಿಳಿದದ್ದು ಮಾತ್ರ ಆ ಕೆಂಪು ಮಣ್ಣಿನ ಬೀದಿಗಳಲ್ಲಿ.

ಮೊದಲ ವಾರ ಬೆಳಿಗ್ಗೆಯಿಂದ ಸಂಜೆಯವರೆಗೆ ಬಾಗಿಲು ತಟ್ಟಿದೆ. ಹೆಂಗಸರು ಕರೆದು ಚಾಪೆ ಹಾಕಿ ಕೂರಿಸುತ್ತಿದ್ದರು. ಮೊದಲು ಅವರ ಪ್ರಶ್ನೆಗಳು: ಯಾವ ಊರು, ಯಾವ ಜನ, ಮದುವೆ ಆಗಿದೆಯೇ. ಆಗಿಲ್ಲ ಎಂದರೆ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಮದುವೆಯಾಗದ ಹುಡುಗಿಗೆ ಬಸಿರು ಬಾಣಂತನದ ಲೆಕ್ಕ ಯಾಕೆ ಎಂದು ಒಬ್ಬ ಮುದುಕಿ ನೇರವಾಗಿಯೇ ಕೇಳಿದಳು. ಮನೆಗೆ ಬಂದು ಇದನ್ನು ಹೇಳಿದಾಗ ಅಮ್ಮ ನಗಲಿಲ್ಲ. ಆ ಮುದುಕಿ ಸರಿಯಾಗಿ ಕೇಳಿದಳು ಎಂದರು.

ಆ ವಾರವೇ ನೀಲಮ್ಮ ಪರಿಚಯವಾದದ್ದು. ದಾವಣಗೆರೆ ಕಡೆಯವಳು, ಹೆಚ್ಚೆಂದರೆ ನನ್ನ ವಯಸ್ಸು. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಗಂಡ ಬಸವರಾಜ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ನಾಲ್ಕು ವರ್ಷದ ಮಗಳು ಒಬ್ಬಳು. ಅವಳು ಹುಟ್ಟಿದ್ದು ತವರಿನಲ್ಲಿ. ಈಗ ನೀಲಮ್ಮನಿಗೆ ಎಂಟನೆಯ ತಿಂಗಳು. ತವರಿಗೆ ಹೋಗುವುದಿಲ್ಲವೇ ಎಂದೆ. ಅವ್ವ ತೀರಿಕೊಂಡಿದ್ದಾಳೆ, ಈ ಸಲ ಇಲ್ಲೇ ಎಂದಳು. ಮಕ್ಕಳು ಒಂದು, ಹುಟ್ಟಿದ್ದು ಹೊರ ಊರಿನಲ್ಲಿ ಎಂದು ಬರೆದುಕೊಂಡು, ಅವಳು ಕೊಟ್ಟ ಮಜ್ಜಿಗೆ ಕುಡಿದು ಮುಂದಿನ ಮನೆಗೆ ಹೋದೆ.

ವಾರದ ಕೊನೆಗೆ ಕೂಡಿಸಿ ನೋಡಿದರೆ, ಇಲ್ಲಿ ಹುಟ್ಟಿದ ಮಕ್ಕಳ ಸಂಖ್ಯೆ ರಿಜಿಸ್ಟರಿಗಿಂತ ಸ್ವಲ್ಪವೇ ಹೆಚ್ಚು. ಬಹಳ ಮಕ್ಕಳು ಹುಟ್ಟಿದ್ದು ತಾಯಂದಿರ ತವರಿನಲ್ಲಿ. ರಾಯರು ಹಾಳೆಯನ್ನು ನೋಡಿ, ಬೇಸರವಿಲ್ಲದೆ, ಒಂದು ಬಗೆಯ ಸಮಾಧಾನದಿಂದಲೇ, ರಿಜಿಸ್ಟರು ತಪ್ಪಲ್ಲವೆಂದು ಈಗಲಾದರೂ ನಂಬುತ್ತೀಯಾ ಎಂದರು. ನಂಬಬೇಕಾಗಿತ್ತು. ನಾನೇ ಕೇಳಿ ತಂದ ಲೆಕ್ಕ. ಆದರೂ ಏನೋ ಕೂಡುತ್ತಿರಲಿಲ್ಲ. ಮದುವೆಯಾಗಿ ಏಳೆಂಟು ವರ್ಷವಾದ ಹೆಂಗಸರ ಮನೆಗಳಲ್ಲಿ ಮಕ್ಕಳ ನಡುವಿನ ಅಂತರ ಎಲ್ಲೆಲ್ಲೋ ಹಿಗ್ಗಿಹೋಗಿತ್ತು. ಮೊದಲ ಮಗುವಿಗೆ ಏಳು, ಮುಂದಿನದಕ್ಕೆ ಎರಡು. ನಡುವೆ ಖಾಲಿ. ಒಂದು ಮನೆಯಲ್ಲಾದರೆ ಸರಿ. ಮನೆ ಮನೆಯಲ್ಲೂ ಹೀಗೆಯೇ?

ಯಾರಾದರೂ ಇಡೀ ಬಡಾವಣೆಯನ್ನು ಬಲ್ಲವರು ಸಿಕ್ಕರೆ ಗಂಟು ಬಿಚ್ಚೀತು ಎನಿಸಿತು. ಕ್ವಾರ್ಟರ್ಸಿನ ಹೆರಿಗೆಗಳಿಗೆ ಸಾಣೇಗುರುವನಹಳ್ಳಿಯಿಂದ ಹೊನ್ನಮ್ಮ ಎಂಬ ಸೂಲಗಿತ್ತಿ ಬರುತ್ತಾಳೆಂದು ಕೇಳಿದ್ದೆ. ಮರುದಿನ ರಾಗಿ ಹೊಲಗಳ ಬದುವಿನ ಮೇಲೆ ನಡೆದು ಅವಳ ಮನೆ ಹುಡುಕಿಕೊಂಡು ಹೋದೆ. ಗಟ್ಟಿಮುಟ್ಟಾದ ಮುದುಕಿ, ಬಾಯಿ ತುಂಬ ಎಲೆಯಡಿಕೆ. ಕ್ವಾರ್ಟರ್ಸಿನಲ್ಲಿ ವರ್ಷಕ್ಕೆ ಎಷ್ಟು ಹೆರಿಗೆ ಮಾಡಿಸಿದ್ದೀರಿ ಎಂದು ಕೇಳಿದೆ. ಅವಳು ಹೇಳಿದ ಸಂಖ್ಯೆ ಕೇಳಿ ಪೆನ್ಸಿಲು ನಿಂತಿತು. ಅದು ನಿಜವಾದರೆ ಅಲ್ಲಿನ ಒಂದೊಂದು ಮನೆಯಲ್ಲೂ ಪ್ರತಿ ವರ್ಷ ಒಂದೊಂದು ಹೆರಿಗೆಯಾಗಬೇಕು. ಎಷ್ಟು ಕೂಸು ಉಳಿಯಲಿಲ್ಲ ಎಂದು ಕೇಳಿದೆ.

"ನನ್ ಕೈಯಾಗೆ ಒಂದ್ ಕೂಸೂ ಹೋಗಿಲ್ಲ ಕಣವ್ವ," ಎಂದಳು. "ಹಂಗೇ ಬರ್ಕೋ."

ಸುಳ್ಳು ಹೇಳಬೇಕೆಂದು ಹೇಳಿದವಳಲ್ಲ. ತನ್ನ ಕೆಲಸದ ಬಗ್ಗೆ ಹೆಮ್ಮೆಯಿತ್ತು, ಜೊತೆಗೆ ಸರ್ಕಾರದ ಹೆಂಗಸು ಬಂದು ವಿಚಾರಿಸುತ್ತಿದ್ದಾಳೆಂಬ ದಿಗಿಲೂ ಇತ್ತು. ಎರಡೂ ಸೇರಿ ಒಂದು ಲೆಕ್ಕ ಹುಟ್ಟಿತ್ತು. ಬದುವಿನ ಮೇಲೆ ಹಿಂದಕ್ಕೆ ಬರುತ್ತ ಮೂರು ಲೆಕ್ಕಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ರಿಜಿಸ್ಟರು ಹೇಳುವುದು ತೀರ ಕಡಿಮೆ. ಹೊನ್ನಮ್ಮ ಹೇಳುವುದು ತೀರ ಹೆಚ್ಚು. ನನ್ನದೇ ಹಾಳೆಗಳು ರಿಜಿಸ್ಟರಿನ ಪಕ್ಕ ನಿಂತಿದ್ದವು, ಆದರೆ ಅವುಗಳಲ್ಲಿ ಎಲ್ಲೋ ತೂತಿತ್ತು. ಮೂರರಲ್ಲಿ ಯಾವುದನ್ನು ಹಿಡಿಯಲಿ? ಸಮಿತಿಯ ದಿನ ಹತ್ತಿರ ಬರುತ್ತಿತ್ತು.

ಕ್ವಾರ್ಟರ್ಸ್ ತಲುಪುವ ಹೊತ್ತಿಗೆ ಸುಡುಬಿಸಿಲು. ನೀಲಮ್ಮನ ಮನೆ ದಾರಿಯಲ್ಲೇ ಇತ್ತು, ನೀರು ಕೇಳಲು ನಿಂತೆ. ಅವಳು ಬಾಗಿಲಲ್ಲಿ ಕೂತು ಅವರೆಬೇಳೆ ಆರಿಸುತ್ತಿದ್ದಳು. ಕಾಲುಗಳು ಊದಿದ್ದವು. ನೀರು ಕೊಟ್ಟು, ಈ ದವಾಖಾನೆ ಯಾವಾಗ ಬರುತ್ತದೆ ಎಂದು ಕೇಳಿದಳು. ಇಲ್ಲಿಗೇ ಬರುತ್ತದೆ ಎಂದು ಹೇಳಲಾರೆ, ಬಂದರೂ ಮುಂದಿನ ವರ್ಷ ಎಂದೆ.

"ಹಂಗಾರ ನನಗ ಬರಂಗಿಲ್ಲ ಬಿಡ್ರಿ," ಎಂದಳು. ಸ್ವಲ್ಪ ಹೊತ್ತು ಬೇಳೆಯಲ್ಲಿ ಬೆರಳಾಡಿಸಿದಳು. "ಹೋದ ಸಲಾನೂ ಬರಲಿಲ್ಲ."

ಹೋದ ಸಲ ಎಂದರೆ ಯಾವುದು? ಅವಳಿಗೆ ಒಂದೇ ಮಗು, ಹುಟ್ಟಿದ್ದು ತವರಿನಲ್ಲಿ ಎಂದು ನಾನೇ ಬರೆದುಕೊಂಡಿದ್ದೆ. ಕೇಳಿದೆ. ಅವಳು ಮೊರವನ್ನು ಪಕ್ಕಕ್ಕಿಟ್ಟಳು. ಎರಡು ವರ್ಷದ ಹಿಂದೆ, ಇದೇ ಮನೆಯ ಒಳಕೋಣೆಯಲ್ಲಿ, ಗಂಡು ಕೂಸು. ಎರಡು ದಿನ ನೋವು ತಿಂದಳಂತೆ. ಹೊನ್ನಮ್ಮನೇ ಬಂದಿದ್ದಳು. ಕೂಸು ಮೂರು ದಿನ ಇತ್ತು. ಅದನ್ನು ಎಲ್ಲಿಯೂ ಬರೆಸಿಲ್ಲ. ಹುಟ್ಟನ್ನೂ ಇಲ್ಲ, ಸಾವನ್ನೂ ಇಲ್ಲ.

ಮೊದಲೇ ಯಾಕೆ ಹೇಳಲಿಲ್ಲ ಎಂದು ನಾನು ಕೇಳಿದ್ದು ಈಗಲೂ ಕಿವಿಯಲ್ಲಿದೆ. ಅವಳ ದನಿಯಲ್ಲಿ ಆಕ್ಷೇಪಣೆಯೇನೂ ಇರಲಿಲ್ಲ.

"ಮಕ್ಕಳು ಎಷ್ಟು ಅಂತ ಕೇಳಿದ್ರಿ. ಇರೋದನ್ನ ಹೇಳಿದೆ. ಹೋದದ್ದನ್ನ ನೀವು ಕೇಳ್ಲಿಲ್ಲಲ್ರಿ ಅಕ್ಕಾರ."

ಅಲ್ಲಿಯೇ ಗೋಡೆಗೆ ಒರಗಿ ಕೂತುಬಿಟ್ಟೆ. ಮಕ್ಕಳ ನಡುವಿನ ಖಾಲಿ ಜಾಗಗಳಿಗೆ ಉತ್ತರ ಅದು. ಸಮಿತಿಗೆ ಬೇಕಾಗಿದ್ದದ್ದು ಹೆರಿಗೆಗಳ ಲೆಕ್ಕ. ನಮ್ಮ ಪ್ರಶ್ನಾವಳಿ ಕೇಳಿದ್ದು ಬದುಕಿರುವ ಮಕ್ಕಳ ಲೆಕ್ಕ. ಹೊನ್ನಮ್ಮ ಬಂದ ಮನೆಗಳಲ್ಲಿ ಉಳಿಯದ ಕೂಸುಗಳೆಲ್ಲ ಆ ಎರಡರ ನಡುವೆ ಬಿದ್ದುಹೋಗಿದ್ದವು. ಮನೆ ಬಾಗಿಲಿಗೇ ಹೋಗಿ ತಂದ ದತ್ತಾಂಶ ಎಂಬ ಮಾತ್ರಕ್ಕೆ ಅದು ನಿಜವಾಗಲಿಲ್ಲ. ಕೇಳಿದ ಮಾತು ಸರಿಯಿಲ್ಲದಿದ್ದರೆ, ಹತ್ತು ಮೈಲಿ ನಡೆದು ತಂದ ಉತ್ತರವೂ ಕೆಲಸಕ್ಕೆ ಬಾರದು.

ಮರುದಿನದಿಂದ ಮತ್ತೆ ಮೊದಲನೆಯ ಸಾಲಿನ ಮೊದಲನೆಯ ಮನೆ. ರಾಯರಿಗೆ ನಡೆದದ್ದನ್ನು ಹೇಳಿದೆ. ಅವರು ತಾವೇ ಬರೆದಿದ್ದ ಪ್ರಶ್ನಾವಳಿಯಲ್ಲಿ ಮಕ್ಕಳು ಎಷ್ಟು ಎಂಬ ಸಾಲನ್ನು ಪೆನ್ನಿನಿಂದ ಹೊಡೆದುಹಾಕಿ, ಹೊಸದನ್ನು ನೀನೇ ಬರಿ, ನನಗಿಂತ ನಿನಗೆ ಗೊತ್ತಿದೆ ಎಂದರು. ಈ ಮನೆಗೆ ಬಂದ ಮೇಲೆ ನಿಮಗೆ ಎಷ್ಟು ಸಲ ಹೆರಿಗೆಯಾಯಿತು, ಒಂದೊಂದೂ ಎಲ್ಲಾಯಿತು, ಯಾರು ಹತ್ತಿರವಿದ್ದರು, ಎಲ್ಲಾದರೂ ಬರೆಸಿದಿರಾ ಎಂದು ಬರೆದೆ.

ಆ ಎರಡನೆಯ ಸುತ್ತು ನನ್ನ ಇಡೀ ಸೇವೆಯಲ್ಲೇ ಕಷ್ಟದ ಕೆಲಸ. ಮೊದಲ ಸಲ ನಗುನಗುತ್ತ ಚಾಪೆ ಹಾಕಿದ ಹೆಂಗಸರು ಈಗ ಪ್ರಶ್ನೆ ಕೇಳಿ ಸುಮ್ಮನಾಗುತ್ತಿದ್ದರು. ಕೆಲವರು ಬೇರೆ ಮಾತು ತೆಗೆಯುತ್ತಿದ್ದರು. ಹೊರಗೆ ಕೂತಿದ್ದ ಅತ್ತೆಯನ್ನು ನೋಡಿ, ಆಮೇಲೆ ಬನ್ನಿ ಎಂದು ಕಣ್ಣಲ್ಲೇ ಹೇಳಿದವರು ಇದ್ದರು. ಒಂದು ಮನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಗಂಡ ಎದ್ದು ಬಂದು, ಸತ್ತವರ ಸುದ್ದಿ ಎತ್ತಲು ಸರ್ಕಾರ ಸಂಬಳ ಕೊಡುತ್ತದೆಯೇ ಎಂದು ಕೂಗಾಡಿ ಬಾಗಿಲು ಹಾಕಿದ. ಇನ್ನೊಂದು ಮನೆಯ ಹೆಂಗಸು ಮೂರು ಹೆರಿಗೆಗಳನ್ನು ಒಂದೊಂದಾಗಿ ಹೇಳಿ, ಇದನ್ನೆಲ್ಲ ಇವತ್ತಿನವರೆಗೆ ಯಾರೂ ಕೇಳಿರಲಿಲ್ಲ ಎಂದು ನನ್ನ ಕೈ ಹಿಡಿದುಕೊಂಡು ಕೂತಳು. ಬಿಡಿಸಿಕೊಂಡು ಹೊರಡುವುದು ಹೇಗೆಂದು ತಿಳಿಯಲಿಲ್ಲ. ನಿದ್ದೆ ಹತ್ತುವುದಕ್ಕೆ ಮುಂಚೆ ಆ ದನಿಗಳೆಲ್ಲ ಸಾಲುಗಟ್ಟಿ ಬರುತ್ತಿದ್ದವು.

ದಿನಗಳು ಕಳೆದಂತೆ ಚಿತ್ರ ತೆರೆದುಕೊಂಡಿತು. ಹೆರಿಗೆಗಳು ರಿಜಿಸ್ಟರಿನ ಲೆಕ್ಕಕ್ಕಿಂತ ಎಷ್ಟೋ ಪಟ್ಟು ಹೆಚ್ಚಿದ್ದವು. ಇಲ್ಲಿನ ಹೆರಿಗೆಗಳು ರಿಜಿಸ್ಟರಿಗೆ ಸಿಗದೆ ಮೂರು ದಾರಿಯಲ್ಲಿ ತಪ್ಪಿಹೋಗುತ್ತಿದ್ದವು. ಚೊಚ್ಚಲು ತವರಿನಲ್ಲಿ, ಆ ಊರಿನ ಲೆಕ್ಕಕ್ಕೆ. ಕಷ್ಟದ ಹೆರಿಗೆಗಳು ಕೋಟೆಯ ಕಡೆಯ ದೊಡ್ಡಾಸ್ಪತ್ರೆಯಲ್ಲೋ ದಾರಿಯ ಇನ್ಯಾವುದೋ ಡಿಸ್ಪೆನ್ಸರಿಯಲ್ಲೋ ಆಗಿ, ಆಯಾ ವಾರ್ಡಿನ ಲೆಕ್ಕಕ್ಕೆ. ಮನೆಯಲ್ಲೇ ಆದವು, ಅದರಲ್ಲೂ ಕೂಸು ಉಳಿಯದಿದ್ದರೆ, ಯಾವ ಲೆಕ್ಕಕ್ಕೂ ಇಲ್ಲ. ಮಗು ಎಲ್ಲಿ ಹುಟ್ಟಿತು ಎಂಬುದನ್ನು ಬರೆಯುವುದು ಜನನ ರಿಜಿಸ್ಟರಿನ ಕೆಲಸ. ತಾಯಿ ಎಲ್ಲಿ ವಾಸ ಮಾಡುತ್ತಾಳೆ ಎಂಬುದು ಅದರ ಪ್ರಶ್ನೆಯೇ ಅಲ್ಲ. ಆಸ್ಪತ್ರೆ ಇರುವ ಕಡೆ ಹೆರಿಗೆಗಳು ಹೆಚ್ಚಾಗಿ ಕಾಣುತ್ತವೆ. ಇಲ್ಲದ ಕಡೆ ಕಾಣುವುದೇ ಇಲ್ಲ. ಅದನ್ನು ನೋಡಿ ಆಸ್ಪತ್ರೆ ಕಟ್ಟಲು ಹೊರಟರೆ, ಇದ್ದ ಕಡೆಗೇ ಇನ್ನೊಂದು ಹೋಗುತ್ತದೆ.

ಸಮಿತಿ ಸೇರುವ ಹಿಂದಿನ ವಾರ, ಒಂದು ಮಧ್ಯಾಹ್ನ, ಕೊನೆಯ ಸಾಲಿನಲ್ಲಿದ್ದೆ. ನೀಲಮ್ಮನ ಪಕ್ಕದ ಮನೆಯ ಹೆಂಗಸು ಬರಿಗಾಲಲ್ಲಿ ಓಡಿಬಂದಳು. ನೀಲಮ್ಮನಿಗೆ ನೋವು ಶುರುವಾಗಿದೆ, ನೀರು ಒಡೆದಿದೆ. ದಿನ ತುಂಬಲು ಇನ್ನೂ ಬಾಕಿಯಿತ್ತು. ಬಸವರಾಜ ಪಾಳಿಯಲ್ಲಿದ್ದ. ಹೊನ್ನಮ್ಮನನ್ನು ಕರೆಯಲು ಹೋದವರು ಅವಳು ಹೇರೋಹಳ್ಳಿಗೆ ಹೋಗಿದ್ದಾಳೆಂಬ ಸುದ್ದಿಯೊಂದಿಗೆ ವಾಪಸು ಬಂದಿದ್ದರು. ನಾನು ಹೋದಾಗ ನೀಲಮ್ಮ ಕಂಬ ಹಿಡಿದು ನಿಂತಿದ್ದಳು. ನನ್ನನ್ನು ನೋಡಿ, ಆ ಒಳಕೋಣೆಗೆ ಮಾತ್ರ ತಾನು ಹೋಗುವುದಿಲ್ಲ ಎಂದಳು.

ಒಬ್ಬರು ಬಸವರಾಜನಿಗೆ ಹೇಳಲು ಕಾರ್ಖಾನೆಗೆ ಹೋದರು. ಬಸ್ ನಿಲ್ದಾಣದ ಹತ್ತಿರ ಸಿಕ್ಕ ಜಟಕಾವನ್ನು ನಾನು ಕರೆತಂದೆ. ಪಕ್ಕದ ಮನೆಯಾಕೆಯೂ ನಾನೂ ನೀಲಮ್ಮನನ್ನು ನಡುವೆ ಕೂರಿಸಿಕೊಂಡು ದೊಡ್ಡಾಸ್ಪತ್ರೆಗೆಂದು ಹೊರಟೆವು. ಮಾಗಡಿ ರಸ್ತೆಯ ಪ್ರತಿ ಕಲ್ಲಿಗೂ ಜಟಕಾ ಎತ್ತಿ ಹಾಕುತ್ತಿತ್ತು. ರೈಲ್ವೆ ಗೇಟಿಗೆ ಬಂದರೆ ಗೇಟು ಹಾಕಿದೆ. ಗೂಡ್ಸ್ ಗಾಡಿಯೊಂದು ಹೋಗುತ್ತಲೇ ಇದೆ, ಡಬ್ಬಿ ಮುಗಿಯುವುದೇ ಇಲ್ಲ. ನೀಲಮ್ಮ ನನ್ನ ಮುಂಗೈಯನ್ನು ಹಿಡಿದ ಹಿಡಿತ ಸಡಿಲಿಸಲಿಲ್ಲ. ನಾನು ತಿಂಗಳುಗಟ್ಟಲೆ ಕೂಡಿಸಿ ಭಾಗಿಸಿದ ಸಂಗತಿ ನನ್ನ ಪಕ್ಕದಲ್ಲಿ ಉಸಿರು ಬಿಗಿಹಿಡಿದು ಕೂತಿತ್ತು. ಏನು ಮಾಡಬೇಕೆಂದು ನನಗೆ ಏನೇನೂ ಗೊತ್ತಿರಲಿಲ್ಲ. ಗೇಟು ತೆಗೆಯುವಷ್ಟರಲ್ಲಿ ಪಕ್ಕದ ಮನೆಯಾಕೆ, ಇನ್ನು ದೊಡ್ಡಾಸ್ಪತ್ರೆ ಆಗುವ ಮಾತಲ್ಲ ಎಂದಳು. ಬಿನ್ನಿಪೇಟೆಯ ಡಿಸ್ಪೆನ್ಸರಿಯಲ್ಲಿ ನರ್ಸ್ ಇರುವುದನ್ನು ಜಾಗ ನೋಡಲು ಬಂದ ದಿನ ಗಮನಿಸಿದ್ದೆ. ಜಟಕಾದವನಿಗೆ ಅತ್ತ ತಿರುಗಿಸಲು ಹೇಳಿದೆ.

ಡಿಸ್ಪೆನ್ಸರಿಯ ನರ್ಸ್ ನೀಲಮ್ಮನನ್ನು ಒಳಗೆ ಕರೆದುಕೊಂಡು ಹೋದಳು. ನಮ್ಮನ್ನು ಹೊರಗೆ ನಿಲ್ಲಿಸಿದಳು. ಮಿಲ್ಲಿನ ಸೈರನ್ ಕೂಗಿ, ಕೆಲಸಗಾರರ ಗುಂಪು ರಸ್ತೆ ತುಂಬಿ ಹರಿದುಹೋಯಿತು. ನಾನು ಅಂಗಳದಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದೆ. ಬಸವರಾಜ ಸೈಕಲ್ ತುಳಿದುಕೊಂಡು ಬಂದು, ಕೈಯೆಲ್ಲ ಗ್ರೀಸ್ ಮೆತ್ತಿಕೊಂಡೇ ಮೆಟ್ಟಿಲ ಮೇಲೆ ಕೂತ. ಹೋದ ಸಲವೂ ಹೀಗೇ ಕೂತಿದ್ದೆ ಎಂದ. ಸಂಜೆಯ ಹೊತ್ತಿಗೆ ಒಳಗಿನಿಂದ ಕೂಸು ಅತ್ತಿತು. ಅದರ ಹಿಂದೆ ಬಹಳ ಹೊತ್ತು ಯಾವ ಸುದ್ದಿಯೂ ಇಲ್ಲ. ನೀಲಮ್ಮನಿಗೆ ರಕ್ತ ಹೋಗುವುದು ನಿಂತಿರಲಿಲ್ಲ. ನರ್ಸ್ ಡಾಕ್ಟರನ್ನು ಕರೆಸಿ, ಇಬ್ಬರೂ ಸೇರಿ ಅವಳನ್ನು ಉಳಿಸಿದರು. ಕತ್ತಲಾಗುವ ಮುಂಚೆ ನಮ್ಮನ್ನು ಒಳಗೆ ಬಿಟ್ಟರು. ಹೆಣ್ಣು ಮಗು, ಚಿಕ್ಕದು. ನೀಲಮ್ಮ ಬಿಳಿಚಿಕೊಂಡಿದ್ದಳು, ಕಣ್ಣು ಮಾತ್ರ ಕೂಸಿನ ಮೇಲಿತ್ತು.

ಹೊರಡುವಾಗ ನರ್ಸ್ ಜನನದ ವಿವರ ಬರೆದುಕೊಳ್ಳುತ್ತಿದ್ದಳು. ತಾಯಿ ರಾಜಾಜಿನಗರದವರು ಎಂದೆ. ಎಲ್ಲಿಯವರಾದರೇನು, ಹುಟ್ಟಿದ್ದು ಇಲ್ಲಿ ತಾನೆ, ಇಲ್ಲಿಯ ಲೆಕ್ಕಕ್ಕೇ ಬರುತ್ತದೆ ಎಂದು ನರ್ಸ್ ಹೇಳಿದಳು. ಅವಳು ಹೇಳಿದ್ದು ನಿಯಮ. ಬರೆದದ್ದು ನಿಜ.

ಸಮಿತಿಯ ದಿನ ರಾಯರು ನನ್ನನ್ನೂ ಕರೆದುಕೊಂಡು ಹೋದರು. ದುಂಡು ಮೇಜಿನ ಸುತ್ತ ಐದಾರು ಜನ. ಅಧ್ಯಕ್ಷರು ವಯಸ್ಸಾದ ಡಾಕ್ಟರು. ರಾಯರು ಎರಡೂ ಲೆಕ್ಕಗಳನ್ನು ಒಟ್ಟಿಗೆ ಮುಂದಿಟ್ಟರು. ಒಂದು ತಾವು ಸಹಿ ಹಾಕಿದ್ದು, ಇನ್ನೊಂದು ನಾನು ಅಲೆದು ತಂದದ್ದು. ಎರಡೂ ನಮ್ಮ ವಿಭಾಗದ್ದೇ, ಎರಡಕ್ಕೂ ತಾವೇ ಜವಾಬ್ದಾರರೆಂದು ನಿಂತುಕೊಂಡೇ ಹೇಳಿದರು. ಒಬ್ಬ ಸದಸ್ಯರಿಗೆ ಕೋಪ ಬಂತು. ವರ್ಷಾನುಗಟ್ಟಲೆ ನಡೆದುಬಂದ ಸರ್ಕಾರಿ ರಿಜಿಸ್ಟರನ್ನು ಬಿಟ್ಟು, ಒಬ್ಬ ಹುಡುಗಿ ನಾಲ್ಕು ವಾರ ಹೆಂಗಸರ ಹತ್ತಿರ ಹರಟಿ ತಂದದ್ದನ್ನು ನಂಬಬೇಕೇ, ರಿಜಿಸ್ಟರು ಸುಳ್ಳೇ ಎಂದು ಕೇಳಿದರು. ರಾಯರು ನನ್ನ ಕಡೆ ತಿರುಗಿದರು.

ಎದ್ದು ನಿಂತೆ. "ಸುಳ್ಳಲ್ಲ ಸಾರ್," ಎಂದೆ. "ಹೋದ ವಾರ ರಾಜಾಜಿನಗರದ ಒಬ್ಬ ತಾಯಿಗೆ ದೊಡ್ಡಾಸ್ಪತ್ರೆಗೆ ಹೋಗೋ ದಾರೀಲಿ ನೋವು ಹೆಚ್ಚಾಗಿ, ಬಿನ್ನಿಪೇಟೇಲಿ ಹೆರಿಗೆ ಆಯ್ತು. ಜಟಕಾದಲ್ಲಿ ನಾನೂ ಇದ್ದೆ. ಆ ಮಗು ಬಿನ್ನಿಪೇಟೆ ಲೆಕ್ಕದಲ್ಲಿದೆ. ಅದು ಸರಿಯಾಗೇ ಇದೆ. ಆದರೆ ಅದನ್ನ ನೋಡಿ ನಾವು, ರಾಜಾಜಿನಗರದಲ್ಲಿ ಆಸ್ಪತ್ರೆ ಬೇಡ ಅಂತೀವಿ."

ಅಧ್ಯಕ್ಷರು, ತಾಯಿ ಹೇಗಿದ್ದಾಳೆ ಎಂದು ಕೇಳಿದರು. ಉಳಿದಿದ್ದಾಳೆ ಎಂದೆ. ಅವರು ನನ್ನ ಹಾಳೆಗಳನ್ನು ಹತ್ತಿರಕ್ಕೆ ಎಳೆದುಕೊಂಡು, ಒಂದೊಂದು ಮನೆಯ ಸಾಲನ್ನೂ ಓದತೊಡಗಿದರು. ಅವರು ಓದಿ ಮುಗಿಸುವವರೆಗೆ ನಾವೆಲ್ಲ ಹಾಗೆಯೇ ಕೂತಿದ್ದೆವು.

ಕಥೆಯಲ್ಲಾದರೆ ಆಸ್ಪತ್ರೆ ರಾಜಾಜಿನಗರಕ್ಕೆ ಬರಬೇಕು. ಹಾಗಾಗಲಿಲ್ಲ. ಮಂಜೂರಾದ ಆಸ್ಪತ್ರೆ ಬಿನ್ನಿಪೇಟೆಗೇ ಹೋಯಿತು. ಮಿಲ್ ಕೇರಿಯ ಹೆಂಗಸರಿಗೂ ಅದು ಬೇಕಾಗಿತ್ತು. ಅದನ್ನು ನಾನು ಅಲ್ಲಗಳೆಯಲಾರೆ. ಆದರೆ ಅದೇ ಸಭೆಯಲ್ಲಿ, ಕ್ವಾರ್ಟರ್ಸಿನ ಎರಡು ಮನೆಗಳನ್ನು ಸೇರಿಸಿ ಒಂದು ಪುಟ್ಟ ಹೆರಿಗೆ ವಾರ್ಡು ಮಾಡಿ, ಅಲ್ಲಿಯೇ ವಾಸವಿರುವಂತೆ ಒಬ್ಬ ನರ್ಸನ್ನು ನೇಮಿಸಲು ಶಿಫಾರಸು ಮಾಡಿದರು. ಮುಂದಿನ ವರ್ಷ ಅದು ತೆರೆಯಿತು. ನರ್ಸಿಗೆ ಸಹಾಯಕಿಯಾಗಿ ಸೇರಿದ್ದು ಹೊನ್ನಮ್ಮ. ನೀಲಮ್ಮನಿಗೆ ಪೂರ್ತಿ ಚೇತರಿಸಿಕೊಳ್ಳಲು ತಿಂಗಳುಗಳೇ ಹಿಡಿದವು, ಮಗು ಉಳಿಯಿತು. ನಮ್ಮ ವಿಭಾಗಕ್ಕೆ ಬರುವ ಜನನ ವರದಿಯಲ್ಲಿ ತಾಯಿಯ ವಾಸಸ್ಥಳಕ್ಕೊಂದು ಕಾಲಂ ಸೇರಿಸಬೇಕೆಂದು ರಾಯರು ಬರೆದ ಟಿಪ್ಪಣಿ ಮಾತ್ರ ಅವರು ನಿವೃತ್ತರಾಗುವವರೆಗೂ ಮೇಜಿನಿಂದ ಮೇಜಿಗೆ ಓಡಾಡುತ್ತಿತ್ತು.

ಅದಾಗಿ ಏಳೆಂಟು ವರ್ಷದ ಮೇಲೆ, ನಾನು ಅದೇ ವಿಭಾಗದಲ್ಲಿ ಮೇಲಿನ ಹುದ್ದೆಯಲ್ಲಿದ್ದಾಗ, ಹೊಸದಾಗಿ ಸೇರಿದ್ದ ಒಬ್ಬ ಅಧಿಕಾರಿ ನನ್ನ ಕೋಣೆಗೆ ಬಂದರು. ರಾಜಾಜಿನಗರದಲ್ಲಿ ಪ್ರಾಥಮಿಕ ಶಾಲೆಗಳು ಎಷ್ಟು ಬೇಕೆಂದು ಲೆಕ್ಕ ಹಾಕುತ್ತಿದ್ದರು. ಹಳೆಯ ಕಡತಗಳಲ್ಲಿ ನನ್ನ 1957ರ ಹಾಳೆಗಳು ಸಿಕ್ಕಿ ಬಹಳ ಸಂತೋಷಪಟ್ಟಿದ್ದರು. ಮನೆ ಮನೆ ತಿರುಗಿ ತಂದ ಇಷ್ಟು ಒಳ್ಳೆಯ ಪ್ರೈಮರಿ ಡೇಟಾ ಇರುವಾಗ ಇನ್ನೇನು ಬೇಕು ಮೇಡಂ, ಇದನ್ನೇ ಹಿಗ್ಗಿಸಿ ಬಳಸುತ್ತೇನೆ ಎಂದರು.

ಪ್ರೈಮರಿ ಆಗಿದ್ದು ನನಗೆ, ನನ್ನ ಆ ಒಂದು ಪ್ರಶ್ನೆಗೆ, ಆ ಬೇಸಿಗೆಗೆ ಎಂದೆ. ನಿಮ್ಮ ಮೇಜಿಗೆ ಬಂದ ಮೇಲೆ ಅದು ಸೆಕೆಂಡರಿ. ನಾನು ಹೆರಿಗೆಗಳನ್ನು ಕೇಳಿದೆ, ಶಾಲೆಗೆ ಹೋಗುವ ಮಕ್ಕಳನ್ನು ಕೇಳಲಿಲ್ಲ. ಆಮೇಲೆ ಎಷ್ಟು ಮನೆ ಎದ್ದವೋ, ಯಾರು ಬಿಟ್ಟು ಹೋದರೋ, ಯಾರು ಬಂದರೋ ಆ ಹಾಳೆಗೆ ಗೊತ್ತಿಲ್ಲ. ಅವರ ಮುಖ ಚಿಕ್ಕದಾಯಿತು. ಹಾಗಾದರೆ ಇದನ್ನು ಎಸೆಯಬೇಕೇ ಎಂದು ಕೇಳಿದರು. ಎಸೆಯಬೇಡಿ, ಯಾವ ಬೀದಿಯಿಂದ ಶುರು ಮಾಡಬೇಕೆಂದು ಅದು ಹೇಳುತ್ತದೆ, ಜೊತೆಗಿಟ್ಟುಕೊಂಡು ಹೋಗಿ ಎಂದೆ.

ಮೂವತ್ತು ವರ್ಷಗಳ ಸೇವೆಯಲ್ಲಿ ಸಾವಿರಾರು ಕೋಷ್ಟಕಗಳಿಗೆ ಸಹಿ ಹಾಕಿದ್ದೇನೆ. ಬಹಳಷ್ಟು ಬೇರೆಯವರು ಸಂಗ್ರಹಿಸಿದ ಅಂಕಿಗಳೇ, ಬೇರೆ ದಾರಿಯಿರಲಿಲ್ಲ. ಆದರೆ ಪ್ರತಿ ಸಲವೂ ಪೆನ್ನಿನ ಟೊಪ್ಪಿ ತೆಗೆಯುವ ಮುಂಚೆ, ಇದನ್ನು ಯಾರು, ಯಾರನ್ನು, ಯಾವ ಮಾತಿನಲ್ಲಿ, ಯಾತಕ್ಕೆಂದು ಕೇಳಿದರು ಎಂದು ವಿಚಾರಿಸುತ್ತಿದ್ದೆ. ಕೈಕೆಳಗಿನವರಿಗೆ ಬೇಸರವಾಗುತ್ತಿತ್ತು. ನನಗೂ ಆ ತಳಮಳ ಎಂದೂ ಪೂರ್ತಿ ಹೋಗಲಿಲ್ಲ, ಹೋಗಬಾರದೆಂದೇ ಈಗ ಅನಿಸುತ್ತದೆ. ಕೂಡಿಸಿದ ಲೆಕ್ಕ ಅಚ್ಚುಕಟ್ಟಾಗಿ ಕಂಡು ಮನಸ್ಸಿಗೆ ನೆಮ್ಮದಿಯೆನಿಸಿದರೆ, ಆ ಹೊತ್ತಿಗೆ ನಮ್ಮ ಕಸುಬಿನವರು ಎದ್ದು ಚಪ್ಪಲಿ ಮೆಟ್ಟಿ ಬೀದಿಗೆ ಇಳಿಯಬೇಕು.